ಅಮ್ಮನ ಊರಿಂದ ಅಪ್ಪನ ಊರಿಗೆ, ಸೈಕಲ್ಲಿನಲ್ಲಿ

ಅಮ್ಮನ ತವರು ನ್ಯಾಮತಿ ಕಡೆ. ಅಪ್ಪನ ಊರು ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿಗೆ ಹತ್ತಿರ. ಅವರ ಮದುವೆಯಾದಾಗ ಒಬ್ಬರದು ಶಿವಮೊಗ್ಗ ಜಿಲ್ಲೆ, ಇನ್ನೊಬ್ಬರದು ಚಿತ್ರದುರ್ಗ ಜಿಲ್ಲೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ಹೊನ್ನಾಳಿ, ಚನ್ನಗಿರಿ ಆ ಕಡೆಯಿಂದ, ಜಗಳೂರು ಈ ಕಡೆಯಿಂದ ಬಂದು ಸೇರಿದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಬೇರೆ ತಾಲ್ಲೂಕಾಗಿದ್ದು ಈಚೆಗೆ. ನಮ್ಮ ಅಜ್ಜಿ ಮಾತ್ರ ಕೊನೇತನಕ "ಮಗಳನ್ನ ನೀರಿಲ್ಲದ ಊರಿಗೆ ಕೊಟ್ವಿ" ಅಂತಲೇ ಅನ್ನೋರು. ಸರ್ಕಾರ ಜಿಲ್ಲೆ ಒಂದು ಮಾಡಿದರೂ ಅಜ್ಜಿ ಒಪ್ಪಿರಲಿಲ್ಲ.

ಬೇಸಿಗೆ ರಜೆಯಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅಮ್ಮನ ಊರಲ್ಲಿ ಮೈ ತೊಳೆಯೋಕೆ ತೋಟದ ಪಂಪಿನ ಕೆಳಗೆ ನಿಲ್ಲುತ್ತಿದ್ದೆವು. ಅಪ್ಪನ ಊರಲ್ಲಿ ಟ್ಯಾಂಕರ್ ಬರೋ ದಿನ ಬಿಂದಿಗೆ ಸಾಲಲ್ಲಿ ನಮ್ಮ ಬಿಂದಿಗೆ ಮುಂದೆ ಸರಿಸೋದು ನನ್ನ ಕೆಲಸ. ಎರಡೂ ನನಗೆ ಖುಷಿಯಾಗೇ ಇತ್ತು ಅನ್ನಿ. ಮಕ್ಕಳಿಗೆ ಸಾಲೂ ಆಟಾನೇ.

ಈ ವರ್ಷ ಜೂನ್‌ನಲ್ಲಿ ಅಪ್ಪ ಫೋನ್ ಮಾಡಿದರು. ಅವರು ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆಗಿ ದಾವಣಗೆರೆಯಲ್ಲಿದ್ದಾರೆ. ಊರಿನ ನಾಲ್ಕೂವರೆ ಎಕರೆಯನ್ನು ಚಿಕ್ಕಪ್ಪ ನೋಡಿಕೊಳ್ತಾರೆ, ಮೆಕ್ಕೆಜೋಳ ಹಾಕ್ತಾರೆ. "ಎರಡು ಎಕರೆಗೆ ಅಡಿಕೆ ಇಡೋಣ ಅಂತಿದೀನಿ ಮಗಾ. ಈಗ ಕೆರೆಗೆ ನೀರು ಬರ್ತಿದೆ, ಬೋರಲ್ಲೂ ನೀರು ಏರಿದೆ. ಸುತ್ತಮುತ್ತ ಎಲ್ಲಾ ಇಡ್ತಿದಾರೆ. ಆರು ಲಕ್ಷ ಆಗುತ್ತೆ. ನೀನು ಹ್ಞೂಂ ಅಂದ್ರೆ..." ಆಮೇಲೆ ಸುಮ್ಮನಾದರು. ಅಪ್ಪ ನನ್ನ ಹತ್ತಿರ ದುಡ್ಡು ಕೇಳಿದ್ದು ಅದೇ ಮೊದಲು. ನನಗೆ ತಕ್ಷಣ ಹ್ಞೂಂ ಅನ್ನೋಕೂ ಆಗಲಿಲ್ಲ, ಊಹೂಂ ಅನ್ನೋಕೂ ಬಾಯಿ ಬರಲಿಲ್ಲ. "ಆಗಸ್ಟಲ್ಲಿ ಬರ್ತೀನಪ್ಪ, ಹೊಲ ನೋಡಿ ಮಾತಾಡೋಣ" ಅಂದೆ.

ಸ್ವಾತಂತ್ರ್ಯ ದಿನಾಚರಣೆ ಶುಕ್ರವಾರ ಬಂದಿತ್ತು. ಮೂರು ದಿನ ರಜೆ. ನಮ್ಮ ಆಫೀಸಿನವರು ಇಂಥ ವೀಕೆಂಡಿಗೆ ಚಿಕ್ಕಮಗಳೂರಿಗೆ ಹೋಗಿ ಟ್ರಾಫಿಕ್ಕಲ್ಲಿ ನಿಲ್ಲುತ್ತಾರೆ. ನಾನು ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ರಾತ್ರಿ ಬಸ್ಸಿನ ಡಿಕ್ಕಿಗೆ ಹಾಕಿ, ನ್ಯಾಮತಿಗೆ ಹೊರಟೆ. ಅಲ್ಲಿಂದ ಹೊನ್ನಾಳಿ, ಚನ್ನಗಿರಿ, ದಾವಣಗೆರೆ ಮೇಲೆ ಜಗಳೂರು ಕಡೆಗೆ. ಇನ್ನೂರು ಕಿಲೋಮೀಟರಿನ ಆಸುಪಾಸು. ಆಗಸ್ಟಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತೆ, ನನ್ನ ದಾರಿ ಪೂರ್ವಕ್ಕೆ. ಈ ದಾರಿ ಹಿಡಿಯಬೇಕು ಅನ್ನೋರು ದಯವಿಟ್ಟು ಉಲ್ಟಾ ಹೋಗಬೇಡಿ, ಗಾಳಿಗೆ ಎದೆ ಕೊಟ್ಟು ತುಳಿಯೋದು ಗುಡ್ಡ ಹತ್ತಿದ್ದಕ್ಕಿಂತ ಬೇಜಾರು.

ಮಾವನ ಮನೆ ಅಂಗಳದಲ್ಲಿ ಚಕ್ರ ಜೋಡಿಸುವಾಗಲೇ ವಿಚಾರಣೆ ಶುರು. "ಎಷ್ಟು ಕೊಟ್ಟೆ ಇದಕ್ಕೆ?" ಹೇಳಿದೆ. "ಅದ್ರಲ್ಲಿ ಒಳ್ಳೇ ಹಳೇ ಬೈಕೇ ಬರ್ತಿತ್ತಲ್ಲ ಸೊಸೆ!" ಅತ್ತೆಯದು ಬೇರೆ ಪ್ರಶ್ನೆ: "ಒಬ್ಳೇ ಹೋಗ್ತೀಯಾ?" ಹೌದತ್ತೆ ಅಂದೆ. ಅವರೇನೂ ಹೇಳಲಿಲ್ಲ, ಆದರೆ ನಾನು ಗೇಟು ದಾಟುವಷ್ಟರಲ್ಲಿ ಮಾವನ ಮಗ ಬೈಕ್ ಸ್ಟಾರ್ಟ್ ಮಾಡಿ ಹಿಂದೆ ಬಂದ. ಹೊನ್ನಾಳಿ ಸೇತುವೆ ತನಕ ಬಿಡಲೇ ಇಲ್ಲ.

ಮೊದಲು ಬೆಳಗುತ್ತಿ ಹತ್ತಿರದ ತೀರ್ಥರಾಮೇಶ್ವರಕ್ಕೆ ಹತ್ತಿದೆ. ಗುಡ್ಡದ ಮೇಲೆ ಕಾಡಿನ ನಡುವೆ ದೇವಸ್ಥಾನ, ಪಕ್ಕದಲ್ಲಿ ಕಲ್ಲಿನ ಸಂದಿಯಿಂದ ನೀರು ಬೀಳುತ್ತಲೇ ಇರುತ್ತೆ. ಏರು ಜೋರಾಗಿದೆ. ಅತಿ ಚಿಕ್ಕ ಗೇರಿಗೆ ಬಂದರೂ ಎರಡು ಕಡೆ ಇಳಿದು ತಳ್ಳಿದೆ. ಜಿಟಿಜಿಟಿ ಮಳೆ, ಶಾಲೆ ಮಕ್ಕಳು ಬಾವುಟ ಹಿಡಿದು ಬರ್ತಿದ್ದರು, ನನ್ನ ಹೆಲ್ಮೆಟ್ ನೋಡಿ ಒಬ್ಬ ಸೆಲ್ಯೂಟ್ ಹೊಡೆದ. ಮೇಲೆ ಹೋಗಿ ನಿಂತು ಆ ನೀರಿಗೆ ಕೈಯೊಡ್ಡಿದಾಗ ಅನ್ನಿಸಿದ್ದು ಇಷ್ಟೇ: ಇಷ್ಟು ಎತ್ತರದಲ್ಲಿ ನೀರು ತಾನಾಗಿ ಸಿಗುವ ಊರಿನ ಹುಡುಗಿ ನಮ್ಮಮ್ಮ.

ವಾಪಸ್ ಬರುವಾಗ ಮಾವನ ತೋಟ. ಮಾವ ಅಡಿಕೆ ಬೆಳೆಯೋರು, ಅವರಪ್ಪನೂ ಬೆಳೆದೋರು. ಕಾಫಿ ಕುಡೀತಾ ಅಪ್ಪನ ಪ್ಲಾನ್ ಹೇಳಿದೆ. ಅವರು ನಗಲಿಲ್ಲ, ಆಡಿಕೊಳ್ಳಲೂ ಇಲ್ಲ.

"ಭಾವ ಕೇಳಿದ್ರಾ ನನ್ನ? ಇಲ್ಲ. ಕೇಳಿದ್ರೆ ಏನ್ ಹೇಳ್ತಿದ್ದೆ ಅಂದ್ರೆ, ಮಳೆ ಕೈಕೊಟ್ರೆ ಮೆಕ್ಕೆಜೋಳದಲ್ಲಿ ಒಂದು ಬೆಳೆ ಹೋಗುತ್ತೆ. ಅಡಿಕೆಯಲ್ಲಿ ಏಳು ವರ್ಷ ಹೋಗುತ್ತೆ. ಗಿಡ ಫಸಲಿಗೆ ಬರೋ ಹೊತ್ತಿಗೇ ಒಣಗಿದ್ರೆ ನೋಡೋಕಾಗಲ್ಲ. ಹಸು ಇದ್ದಂಗೆ ಅದು, ದಿನಾ ಕೇಳುತ್ತೆ."

ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಅವರಿಗೂ ಆಸೆ ಇರುತ್ತಲ್ಲಮ್ಮ" ಅಂದರು.

ಹೊನ್ನಾಳಿಯಲ್ಲಿ ಅಮ್ಮನ ಸೋದರತ್ತೆ ಮನೆಯಲ್ಲಿ ಉಳಿದೆ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಬರುವಾಗ ಒಂದೇ ಹೊಳೆ. ಬೆಳಿಗ್ಗೆ ಸೇತುವೆ ಮೇಲೆ ಸೈಕಲ್ ಒರಗಿಸಿ ನೋಡಿದೆ: ಕೆಂಪು ನೀರು, ಮರದ ಕೊಂಬೆ, ಸದ್ದು. ಮಾವನ ಮಗ ಅಲ್ಲಿಂದ ಬೈಕ್ ತಿರುಗಿಸಿದ. ಅವನಿಗೆ ನಿಜಕ್ಕೂ ಬೋರಾಗಿತ್ತು, ಪಾಪ, ಹದಿನೈದರ ಸ್ಪೀಡಲ್ಲಿ ಬೈಕ್ ಓಡಿಸೋದು ಅಂದರೆ ಶಿಕ್ಷೆ.

ಹೊಳೆ ದಾಟಿದ ಮೇಲಿನ ದಾರಿ ನನಗೆ ಈ ಟೂರಿನಲ್ಲೇ ಅತಿ ಇಷ್ಟವಾಗಿದ್ದು. ಭದ್ರಾ ನಾಲೆಯ ಸೀಮೆ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಬರೋ ನೀರು, ಎರಡೂ ಕಡೆ ನಾಟಿಯಾಗಿದ್ದ ಗದ್ದೆ, ಗದ್ದೆ ಮುಗಿದಲ್ಲಿ ಅಡಿಕೆ. ನಾಲೆ ಏರಿ ಮೇಲಿನ ಮಣ್ಣು ದಾರಿಯಲ್ಲಿ ಎಷ್ಟೋ ದೂರ ಗೇರ್ ಮುಟ್ಟಲೇ ಇಲ್ಲ. ಆಮೇಲೆ ಹೊಳೀತು, ಯಾಕೆ ಮುಟ್ಟಬೇಕು? ದೊಡ್ಡ ನಾಲೆಗಳನ್ನು ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್ ಇಳಿಯೋ ಹಾಗೆ ತೋಡಿರುತ್ತಾರೆ. ಗುಡ್ಡ ಬಂದರೆ ನಾಲೆ ಹತ್ತಲ್ಲ, ಬಳಸಿಕೊಂಡು ಹೋಗುತ್ತೆ. ದೂರ ಜಾಸ್ತಿಯಾದರೂ ಪರವಾಗಿಲ್ಲ, ಏರು ಬೇಡ ಅನ್ನುವ ದಾರಿ. ಕಾರಿನಲ್ಲಿ ಹೋಗಿದ್ದರೆ ಇದು ನನಗೆ ಗೊತ್ತೇ ಆಗ್ತಿರಲಿಲ್ಲ. ತೊಡೆಗೆ ಗೊತ್ತಾಗುತ್ತೆ.

ಮಧ್ಯಾಹ್ನದ ಹೊತ್ತಿಗೆ ಕೆರೆಬಿಳಚಿ ಬಳಿ ಸೂಳೆಕೆರೆ. ಬೋರ್ಡಿನಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಇವತ್ತಿಗೂ ಸೂಳೆಕೆರೆ. ಮೊದಲ ಸಲ ನೋಡೋರು ಇದನ್ನ ಕೆರೆ ಅಂತ ಒಪ್ಪಲ್ಲ. ಆರೂವರೆ ಸಾವಿರ ಎಕರೆ ಅಂತ ಹಳೆಯ ಲೆಕ್ಕ. ಸುತ್ತ ಗುಡ್ಡ, ಆ ದಿನ ಅಲೆ ಬೇರೆ ಏಳುತ್ತಿತ್ತು. ಇಷ್ಟು ನೀರಿಗೆ ಏರಿ ಮಾತ್ರ ಚಿಕ್ಕದು! ಎರಡು ಗುಡ್ಡ ಹತ್ತಿರ ಬಂದು ಒಂದು ಕಂಡಿ ಬಿಟ್ಟಿವೆ, ಕಟ್ಟಿದವರು ಆ ಕಂಡಿಯನ್ನಷ್ಟೇ ಮುಚ್ಚಿದ್ದಾರೆ. ಜಾಗ ಹುಡುಕೋದರಲ್ಲೇ ಅರ್ಧ ಕೆಲಸ ಮುಗಿಸಿದ ಆ ಎಂಜಿನಿಯರ್ ಯಾರೋ, ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಕೈಮುಗಿಯಬೇಕು ಅನ್ನಿಸಿತು. ಏರಿಯ ಎರಡು ಕಡೆ ತೂಬು, ಸಿದ್ಧನ ತೂಬು, ಬಸವನ ತೂಬು ಅಂತ ಹೆಸರು. ಹನ್ನೆರಡನೇ ಶತಮಾನದ ಕೆರೆ ಅನ್ನುತ್ತಾರೆ. ಕರೆಂಟಿಲ್ಲ, ಮೋಟಾರಿಲ್ಲ, ತೂಬು ಎತ್ತಿದರೆ ಇವತ್ತಿಗೂ ನೀರು ಗದ್ದೆಗೆ ಹೋಗುತ್ತೆ. ಚಿತ್ರದುರ್ಗದಂಥ ದೂರದ ಊರಿನವರೂ ಇದರ ನೀರು ಕುಡಿದಿದ್ದಾರೆ.

ಹೆಸರಿನ ಕಥೆ ನಿಮಗೂ ಗೊತ್ತಿರಬಹುದು. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಿದಳು, ಅಪ್ಪನ ಪಟ್ಟಣ ಮುಳುಗುವ ಜಾಗ ಅದು, ಅಪ್ಪನಿಗೆ ಸಿಟ್ಟು ಬಂದು ಆ ಮಾತಿನಿಂದ ಬೈದ ಅಂತ ಒಂದು ಕಥೆ. ಇನ್ನೂ ಬೇರೆ ಬೇರೆ ಥರ ಹೇಳೋರಿದ್ದಾರೆ. ನನಗೆ ಪ್ರತಿ ಸಲ ಕೇಳಿದಾಗಲೂ ಒಂದೇ ಅನ್ನಿಸುತ್ತೆ: ಊರಿಗೆ ನೀರು ಕೊಟ್ಟವಳಿಗೆ ಬೈಗುಳ, ಆ ಬೈಗುಳವೇ ಕೆರೆಗೆ ಹೆಸರು. ಅಪ್ಪನ ಮಾತಿಗೆ ಎದುರು ಹೇಳೋಕೆ ಹೊರಟಿದ್ದ ನಾನು ಏರಿ ಮೇಲೆ ಕೂತು ಚಿಕ್ಕಿ ತಿನ್ನುವಾಗ ಶಾಂತವ್ವನ್ನ ಸ್ವಲ್ಪ ಜಾಸ್ತಿಯೇ ನೆನೆಸಿಕೊಂಡೆ.

ಕೆರೆಯಿಂದ ಹೊರಟ ಹಳ್ಳದ ಹೆಸರು ಹರಿದ್ರಾ. ಅದು ಇಳೀತಾ ಇಳೀತಾ ಹೋಗಿ ಹರಿಹರದಲ್ಲಿ ತುಂಗಭದ್ರೆ ಸೇರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಹರಿಹರ ಬರುತ್ತೆ.

ಚನ್ನಗಿರಿಯಲ್ಲಿ ಕಾಲೇಜಿನ ಗೆಳತಿ ಮನೆ. ಕೆಳದಿ ಚೆನ್ನಮ್ಮನಿಂದ ಊರಿಗೆ ಆ ಹೆಸರು ಅಂತಾರೆ, ಗುಡ್ಡದ ಮೇಲೆ ಕೋಟೆಯಿದೆ, ರಂಗನಾಥನ ಗುಡಿಯಿದೆ. ಸಂಜೆ ಹತ್ತೋಣ ಅಂತಿದ್ದೆ, ಕಾಲು ಒಪ್ಪಲಿಲ್ಲ. ಈ ಊರಿನಲ್ಲಿ ಯಾರ ಮನೆಗೆ ಹೋದರೂ ಮಾತು ಅಡಿಕೆಗೇ ಬರುತ್ತೆ: ತುಮ್ಕೋಸ್‌ನಲ್ಲಿ ಇವತ್ತು ರೇಟೆಷ್ಟು, ಕೆಂಪಡಿಕೆ ಎಷ್ಟಕ್ಕೆ ಹೋಯ್ತು. ಗೆಳತಿಯ ಮಾವನವರು ಊಟಕ್ಕೆ ಕೂತಾಗ ಕೇಳಿದರು, "ಜಗಳೂರು ಕಡೆನೂ ಅಡಿಕೆ ಇಡ್ತಿದಾರಂತೆ, ಹೌದೇನಮ್ಮ? ಎಲ್ರೂ ಬೆಳೆದ್ರೆ ತಿನ್ನೋರ್ ಯಾರು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಒಂದು ಚೂರು ಚುಚ್ಚಿತು. ಇವರ ಅಜ್ಜಂದಿರು ಇಟ್ಟಾಗ ಯಾರೂ ಕೇಳಿರಲಿಕ್ಕಿಲ್ಲ ಈ ಪ್ರಶ್ನೆ.

ಮೂರನೇ ದಿನ ಉದ್ದದ್ದು, ಹತ್ತಿರ ಹತ್ತಿರ ತೊಂಬತ್ತೈದು ಕಿಲೋಮೀಟರ್. ಐದೂವರೆಗೆ ಬಿಟ್ಟೆ. ಸಂತೇಬೆನ್ನೂರಿನ ಪುಷ್ಕರಣಿ ಹತ್ತಿರ ಅರ್ಧ ಗಂಟೆ. ಹದಿನಾರನೇ ಶತಮಾನದ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು, ನೀರಿನ ನಡುವೆ ಮಂಟಪ, ಎದುರಿಗೆ ಮುಸಾಫಿರ್‌ಖಾನೆ. ಬೆಳಗಿನ ಬಿಸಿಲಲ್ಲಿ ನಾನೊಬ್ಬಳೇ ಇದ್ದೆ. ಫೋಟೋ ತೆಗೆದೆ, ಹೊರಟೆ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದೆ ಅಂತ ಬೇರೆ ಬರೀಬೇಕಾ? ತಿಂದೆ. ಎರಡು.

ದಾವಣಗೆರೆ ದಾಟಿ ಅಣಜಿ ದಾರಿ ಹಿಡಿದ ಮೇಲೆ ನೆಲದ ಬಣ್ಣ ಬದಲಾಗುತ್ತೆ. ಅಡಿಕೆ ತೆಳ್ಳಗಾಗುತ್ತಾ ಹೋಗಿ, ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೂಲಂಗಿ ಬಂದು ನಿಂತಿದ್ದು. ಮಳೆ ಹಿಂದೆಯೇ ಉಳಿದಿತ್ತು, ಮೋಡ ಮಾತ್ರ ನನ್ನ ಜೊತೆ ಬರುತ್ತಿತ್ತು, ಸುರಿಯದೆ. ದಾರಿ ನೋಡೋಕೆ ಸಪಾಟು. ಆದರೆ ಗಾಳಿ ಬೆನ್ನಿಗಿದ್ದರೂ ಸ್ಪೀಡ್ ಹನ್ನೆರಡು ದಾಟಲಿಲ್ಲ. ಬ್ರೇಕ್ ಏನಾದರೂ ಉಜ್ಜುತ್ತಿದೆಯಾ ಅಂತ ಇಳಿದು ಚಕ್ರ ತಿರುಗಿಸಿ ನೋಡಿದೆ. ಸರಿಯಾಗೇ ಇತ್ತು. ಏರು ಅದು. ಕಣ್ಣಿಗೆ ಕಾಣದ, ಮುಗಿಯದ, ಸಣ್ಣ ಏರು.

ಅಲ್ಲೇ ಹೊಂಗೆ ಮರದ ನೆರಳಲ್ಲಿ ಕೂತೆ. ಮೂರು ದಿನದ ಲೆಕ್ಕ ಅಲ್ಲೇ ಸೇರಿದ್ದು.

ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಬಗ್ಗೆ ನೀವು ಓದಿರಬಹುದು. ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ ತುಂಗಭದ್ರೆಯಿಂದ ನೀರೆತ್ತಿ ಪೈಪಿನಲ್ಲಿ ಇಲ್ಲಿಗೆ ತರುವುದು. ಹೊಳೆಯಲ್ಲಿ ನೀರಿರುವ ಮಳೆಗಾಲದಲ್ಲಿ ಪಂಪು, ಕೆರೆ ತುಂಬಿದರೆ ಸುತ್ತಲಿನ ಬೋರಿಗೆ ಜೀವ. ತುಪ್ಪದಹಳ್ಳಿ ಕೆರೆಗೆ ನೀರು ಬಂದ ದಿನ ಅಪ್ಪ ವಾಟ್ಸಾಪ್ ಸ್ಟೇಟಸ್ ಹಾಕಿದ್ದರು, ಜೀವನದಲ್ಲಿ ಮೊದಲ ಸ್ಟೇಟಸ್. ಭದ್ರಾ ಮೇಲ್ದಂಡೆ ಯೋಜನೆಯಲ್ಲೂ ಜಗಳೂರು ಇದೆ, 2023ರ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ನೆರವು ಅಂತ ಘೋಷಣೆಯೂ ಆಗಿತ್ತು. ಊರಿನವರು ಎರಡನ್ನೂ ನಂಬಿಕೊಂಡಿದ್ದಾರೆ.

ಈಗ ಅಡಿಕೆ. ಒಂಬತ್ತು ಅಡಿಗೊಂದು ಇಟ್ಟರೆ ಎಕರೆಗೆ 540ರ ಹತ್ತಿರ ಗಿಡ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ ಡ್ರಿಪ್ ಹಾಕಿದರೂ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ಎಕರೆಗೆ ಸುಮಾರು ಹತ್ತು ಸಾವಿರ ಲೀಟರ್, ದಿನಾ. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಎರಡು ಲೋಡು. ಅಪ್ಪನ ಎರಡು ಎಕರೆಗೆ ನಾಲ್ಕು ಲೋಡು. ನಾನು ಬಿಂದಿಗೆ ಸರಿಸಿದ ಊರಿನಲ್ಲಿ.

ಆ ನೀರನ್ನು ಹೊಳೆಯಿಂದ ನೂರು ಮೀಟರ್ ಎತ್ತಬೇಕು ಅಂತ ಇಟ್ಟುಕೊಳ್ಳಿ. ಹತ್ತು ಸಾವಿರ ಲೀಟರ್ ನೂರು ಮೀಟರ್ ಮೇಲೆ ಬರೋಕೆ, ಯಾವ ಸೋರಿಕೆಯೂ ಇಲ್ಲ ಅಂದರೂ, 2.7 ಯೂನಿಟ್ ಕರೆಂಟ್ ಬೇಕು. ಕೇಳೋಕೆ ಏನೂ ಅಲ್ಲ, ಅಲ್ವಾ? ಆದರೆ ನನ್ನಂಥ ಸಾಧಾರಣ ಸವಾರಿಣಿ ಆರಾಮಾಗಿ ತುಳಿದರೆ ಸುಮಾರು ನೂರು ವ್ಯಾಟ್. ಅಷ್ಟು ನೀರೆತ್ತೋಕೆ ನಾನು 27 ಗಂಟೆ ತುಳೀಬೇಕು. ಮೂರೂ ದಿನ ಸೇರಿ ನಾನು ತುಳಿದದ್ದು 14 ಗಂಟೆ. ನ್ಯಾಮತಿಯಿಂದ ಇಲ್ಲಿಯವರೆಗಿನ ನನ್ನ ಪೂರ್ತಿ ಬೆವರು ಒಂದು ಎಕರೆಯ ಒಂದು ದಿನದ ನೀರಿಗೂ ಸಾಲಲ್ಲ. ಸೂಳೆಕೆರೆಯಲ್ಲಿ ತೂಬೆತ್ತಿದರೆ ಆಗುವ ಕೆಲಸ ಇದು.

ಆಫೀಸಿನಲ್ಲಿ ದಿನಾ ಎಷ್ಟೋ ಸಂಖ್ಯೆ ನೋಡ್ತೀನಿ, ಇದರಷ್ಟು ಯಾವುದೂ ತಟ್ಟಿಲ್ಲ.

ಬಿಳಿಚೋಡಿಗೆ ಇನ್ನೂ ದೂರವಿರುವಾಗ ಹಿಂದಿನ ಚಕ್ರ ಠುಸ್. ನೆಗ್ಗಿಲ ಮುಳ್ಳು, ಒಂದಲ್ಲ, ಮೂರು. ಈ ಕಡೆ ಬರೋರು ಎರಡು ಟ್ಯೂಬ್ ಇಟ್ಟುಕೊಂಡಿರಿ. ರಸ್ತೆ ಪಕ್ಕ ಟ್ಯೂಬ್ ಬದಲಿಸುವಾಗ ಕುರಿ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ನಿಂತು ನೋಡಿದರು. "ಒಬ್ಳೇ ಬಂದಿಯೇನವ್ವ? ಯಾರ್ ಮಗಳು?" ಅಪ್ಪನ ಹೆಸರು, ಊರು ಹೇಳಿದೆ. "ಮೇಷ್ಟ್ರ ಮಗಳಾ! ನಿಮ್ಮವ್ವ ನ್ಯಾಮ್ತಿಯಾಕಿ. ಮದ್ವಿಯಾಗಿ ಬಂದ್ ಹೊಸದ್ರಾಗೆ ಕೊಡ ಹೊತ್ತು ಅಳ್ತಿದ್ಲು, ನೋಡೀನಿ." ಅಮ್ಮ ಇದನ್ನ ನನಗೆ ಯಾವತ್ತೂ ಹೇಳಿರಲಿಲ್ಲ.

ಹೊಲದ ಹತ್ತಿರ ಅಪ್ಪ, ಚಿಕ್ಕಪ್ಪ ಇಬ್ಬರೂ ಕಾಯುತ್ತಿದ್ದರು. ಅಪ್ಪ ಮೊದಲು ಕೇಳಿದ್ದು "ಊಟ ಆಯ್ತಾ?" ಚಿಕ್ಕಪ್ಪ ಕೇಳಿದ್ದು "ಒಂದ್ ರೌಂಡ್ ಹೊಡೀಲಾ?" ಪಂಚೆ ಎತ್ತಿ ಕಟ್ಟಿ, ಇಪ್ಪತ್ತೊಂದು ಗೇರಿನ ಸೈಕಲ್ಲನ್ನು ಒಂದೇ ಗೇರಿನಲ್ಲಿ ಹೊಲದ ದಾರಿ ತುದಿತನಕ ಹೊಡೆದು ಬಂದರು.

ಪಕ್ಕದ ಹೊಲದಲ್ಲಿ ಅಡಿಕೆ ಸಸಿ ಮೊಣಕಾಲೆತ್ತರ ಬಂದಿದ್ದವು, ನೆರಳಿಗೆ ನಡುವೆ ಬಾಳೆ. ನೋಡೋಕೆ ಚೆಂದ. ಅಪ್ಪ ಅದನ್ನೇ ತೋರಿಸಿದರು. ನಾನು ಫೋನ್ ತೆಗೆದು ನನ್ನ ಲೆಕ್ಕ ತೋರಿಸಿದೆ. ಗಣಿತದ ಮೇಷ್ಟ್ರು, ಎರಡು ಸಲ ಓದಿದರು.

"ಲೆಕ್ಕ ಸರಿಯಾಗಿದೆ" ಅಂದರು. "ಆದ್ರೆ ಪಕ್ಕದೋರಿಗೆ ಲೆಕ್ಕ ಬರಲ್ವಾ? ಅವರೂ ಇಟ್ಟಿದಾರೆ."

"ಪಕ್ಕದೋರೂ, ನಾವೂ, ಆಚೆಯೋರೂ ಒಂದೇ ಕೆರೆ ನೀರನ್ನೇ ಎಳೀಬೇಕಲ್ಲಪ್ಪ."

"ಮೂವತ್ತು ವರ್ಷ ಬೇರೆಯೋರ ಮಕ್ಕಳಿಗೆ ಲೆಕ್ಕ ಹೇಳಿದೆ. ನಿಮ್ಮಮ್ಮನ ಕಡೆಯೋರ ತೋಟ ನೋಡ್ಕೊಂಡು ಬರ್ತಿದ್ದೆ ಪ್ರತಿ ಹಬ್ಬಕ್ಕೂ. ನಮ್ಮದೂ ಒಂದು ಇರ್ಲಿ ಅಂತ."

ಅದಕ್ಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಮಾವ ಹೇಳಿದ್ದು ನೆನಪಾಯ್ತು, ಅದನ್ನ ಅಲ್ಲಿ ಹೇಳೋದು ಸರಿಯಲ್ಲ ಅಂತ ಸುಮ್ಮನಿದ್ದೆ. ದುಡ್ಡು ಕೊಡಲ್ಲ ಅಂತ ಹೇಳೋಕೆ ನಾನು ಬಂದಿರಲಿಲ್ಲ. ಕೃಷಿ ಹೊಂಡ ತೆಗೆಸೋಣ, ಅದಕ್ಕೆ ಈಗಲೇ ಕೊಡ್ತೀನಿ, ಅಡಿಕೆ ಇನ್ನೊಂದು ಬೇಸಿಗೆ ನೋಡಿ ಅಂದೆ. ಅಪ್ಪ "ನೋಡೋಣ" ಅಂದರು. ನಮ್ಮ ಮನೆಯಲ್ಲಿ ನೋಡೋಣ ಅಂದರೆ ಹೌದೂ ಇರಬಹುದು, ಇಲ್ಲವೂ ಇರಬಹುದು.

ದಾರಿ ತೋರಿಸಿದ್ದು ಚಿಕ್ಕಪ್ಪ. ಹೊಲದ ಮೂಲೆಯಲ್ಲಿ ಮುತ್ತಾತನ ಕಾಲದ ಮೆಟ್ಟಿಲು ಬಾವಿ ಇದೆ. ನಾನು ಚಿಕ್ಕವಳಿದ್ದಾಗ ಅದರೊಳಗೆ ಜಾಲಿ ಗಿಡ ಬೆಳೆದಿತ್ತು, ಅಡಗುವ ಆಟಕ್ಕೆ ಇಳಿಯುತ್ತಿದ್ದೆವು. ಈಗ ಬಗ್ಗಿ ನೋಡಿದರೆ ತಳದಲ್ಲಿ ಹಸಿರು ನೀರು, ಒಂದು ಕಪ್ಪೆ ಬೇರೆ. ಅಪ್ಪ ಅದನ್ನ ನೋಡಿ ನಿಂತರು. ಮುಖ ನೋಡಬೇಕಿತ್ತು ನೀವು.

"ಬೋರ್ ಒಳಗೆ ಯಾರು ಬಗ್ಗಿ ನೋಡ್ತಾರೆ" ಅಂದರು ಚಿಕ್ಕಪ್ಪ. "ಇದು ಸುಳ್ಳು ಹೇಳಲ್ಲ. ಯುಗಾದಿ ತನಕ ತಿಂಗಳಿಗೊಂದ್ಸಲ ಮೆಟ್ಲು ಎಣಿಸಿ ಕಳಿಸ್ತೀನಿ. ಆಮೇಲೆ ಇಬ್ರೂ ಜಗಳ ಆಡ್ರಿ."

ಹೊರಡೋ ಮುಂಚೆ ರಂಗಯ್ಯನದುರ್ಗದ ಕೊಂಡುಕುರಿ ಕಾಡಿಗೆ ಹೋಗೋಣ ಅಂತ ಚಿಕ್ಕಪ್ಪ ಬಲವಂತ ಮಾಡಿದರು. 2011ರಲ್ಲಿ ಅಭಯಾರಣ್ಯ ಆಗಿದ್ದು, ನಾಲ್ಕು ಕೊಂಬಿನ ಪ್ರಾಣಿ, ಅದಕ್ಕೂ ಕುಡಿಯೋಕೆ ನೀರು ಹತ್ತಿರದಲ್ಲೇ ಬೇಕಂತೆ. ಟೈಮಿರಲಿಲ್ಲ, ಮುಂದಿನ ಸಲ ಅಂದೆ. ರಾತ್ರಿ ದಾವಣಗೆರೆಯಿಂದ ಬಸ್ಸು, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗು. ಮೆಟ್ಟಿಲು ಇಳಿಯೋಕೆ ಎರಡು ದಿನ ಕಷ್ಟವಾಯ್ತು.

ಸೆಪ್ಟೆಂಬರಿನ ಮೊದಲ ಭಾನುವಾರ ಚಿಕ್ಕಪ್ಪನ ಫೋಟೋ ಬಂತು, ಬಾವಿಯೊಳಗಿನದು, ಅವರ ಹೆಬ್ಬೆರಳೂ ಬಿದ್ದಿದೆ. ಕೆಳಗೆ ಮೆಸೇಜು: "ನೀರಿನ ಮೇಲೆ 23 ಮೆಟ್ಲು ಕಾಣ್ತಾವೆ. ಹೋದ್ಸಲ ನೀ ಬಂದಾಗ 26. ನಿಮ್ಮಪ್ಪನೂ ಬಂದು ಎಣಿಸಿ ಹೋದ."